ಕೆಟ್ಟರೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿ ನಿಂತಿತ್ತು. ಆ ಕಿಂಡಿಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಮತ್ತು ಆಂಧ್ರ, ತೆಲಂಗಾಣಗಳ ರೈತರಿಗೆಂದು ಕೂಡಿಟ್ಟಿದ್ದ ನೀರನ್ನು ದಿನಗಟ್ಟಲೆ ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಕಿಂಡಿ ಮುಚ್ಚಿದ್ದು ಈ ದೇಶದ ಎಂಜಿನಿಯರುಗಳೂ ಕಾರ್ಮಿಕರೂ ಹೆಮ್ಮೆಪಡಬೇಕಾದ ಕೆಲಸ. ಅನಂತರ ಮಳೆ ಬಂದು ಜಲಾಶಯ ಮತ್ತೆ ತುಂಬಿದ್ದು ರೈತರ ಪುಣ್ಯ. ಆದರೆ 1953ರಲ್ಲಿ ಮುಗಿದ ಅಣೆಕಟ್ಟೆಯ 33 ಗೇಟುಗಳಲ್ಲಿ ಯಾವುದೇ ಒಂದು ಹೋದರೂ ಆ ಕಿಂಡಿಯನ್ನು ಮುಚ್ಚಲು ಬೇಕಾದ ಸ್ಟಾಪ್ ಲಾಗ್ ಏರ್ಪಾಡು ಮೂಲ ವಿನ್ಯಾಸದಲ್ಲಿ ಇರಲಿಲ್ಲ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು. ಗೇಟು ಹೇಗೆ ಏಳಬೇಕು, ಹೇಗೆ ಇಳಿಯಬೇಕು ಎಂದು ವಿನ್ಯಾಸ ಹೇಳಿತ್ತು. ಗೇಟೇ ಇಲ್ಲದಾದರೆ ಮುಂದೇನು ಎಂಬುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

ಈ ಪ್ರಶ್ನೆಯನ್ನು ನೀರಾವರಿ ಇಲಾಖೆಗೆ ಕೇಳುವಷ್ಟೇ ಗಟ್ಟಿಯಾಗಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೂ ಕೇಳಬೇಕು. ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ತೀರ್ಮಾನಿಸುತ್ತದೆ, ಮೋಟಾರು ಅಥವಾ ವಾಲ್ವು ಹೊರಗಿನ ಲೋಕದಲ್ಲಿ ಏನನ್ನೋ ಅಲುಗಿಸುತ್ತದೆ. ಇಂಥ ಏರ್ಪಾಡುಗಳನ್ನು ತಂತ್ರಜ್ಞರು ಸೈಬರ್-ಫಿಸಿಕಲ್ ವ್ಯವಸ್ಥೆ ಎನ್ನುತ್ತಾರೆ. ಹೊಸಪೇಟೆಯ ಸುತ್ತ ಐವತ್ತು ಕಿಲೋಮೀಟರಿನೊಳಗೆ ಇವು ಎಷ್ಟಿವೆ ನೋಡಿ: ಅಣೆಕಟ್ಟೆ ಮತ್ತು ಕಾಲುವೆಗಳ ತೂಬು, ಸಂಡೂರಿನ ಗಣಿಗಳಲ್ಲಿ ಅದಿರು ಸಾಗಿಸುವ ಬೆಲ್ಟುಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕಂಪ್ಲಿಯ ಗದ್ದೆಗಳಲ್ಲಿ ಮೊಬೈಲ್ ಕರೆಗೆ ಶುರುವಾಗುವ ಪಂಪ್‌ಸೆಟ್. ಹೊಸಪೇಟೆಯಲ್ಲಿ ಪ್ರೌಢದೇವರಾಯ ತಾಂತ್ರಿಕ ಕಾಲೇಜಿದೆ, ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಸಂಡೂರಿನ ನಂದಿಹಳ್ಳಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ವಿದ್ಯಾರ್ಥಿಗಳು ಕೊನೆಯ ವರ್ಷ ಪ್ರಾಜೆಕ್ಟ್ ಮಾಡುತ್ತಾರೆ. ಆ ಪ್ರಾಜೆಕ್ಟನ್ನು ಇಂದು ನಾವು ಅಳೆಯುವುದು ಒಂದೇ ಮಾನದಂಡದಿಂದ: ಪ್ರದರ್ಶನದ ದಿನ ಅದು ಓಡಿತೇ? ನನ್ನ ವಾದವಿಷ್ಟು. ಪ್ರಾಜೆಕ್ಟಿನ ಅಂಕಗಳಲ್ಲಿ ದೊಡ್ಡ ಪಾಲು ಅದು ಕೆಟ್ಟಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಸಿಗಬೇಕು. ಪರೀಕ್ಷಕರು ಅದನ್ನು ಎಲ್ಲರೆದುರು ಕೆಡಿಸಿಯೇ ನೋಡಬೇಕು. ಸುರಕ್ಷಿತ ವಿನ್ಯಾಸವನ್ನು ಕಲಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ.

ಎಂಜಿನಿಯರಿಂಗ್ ಪ್ರದರ್ಶನಗಳಲ್ಲಿ ಪದೇ ಪದೇ ಕಾಣುವ 'ಸ್ಮಾರ್ಟ್ ಡ್ಯಾಮ್' ಮಾದರಿಯನ್ನೇ ತೆಗೆದುಕೊಳ್ಳೋಣ. ಪ್ಲಾಸ್ಟಿಕ್ ತೊಟ್ಟಿ, ಅದರ ಮೇಲೆ ಅಲ್ಟ್ರಾಸಾನಿಕ್ ಸೆನ್ಸರ್, ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಗೇಟು ಎತ್ತಲು ಪುಟ್ಟ ಮೋಟಾರು. ಸೆನ್ಸರ್ ಶಬ್ದದ ಅಲೆಯೊಂದನ್ನು ಕೆಳಗೆ ಕಳುಹಿಸಿ, ಅದು ನೀರಿಗೆ ಬಡಿದು ಹಿಂದಿರುಗುವ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ದೂರ ಕಡಿಮೆಯಾದರೆ ನೀರು ಏರಿದೆ ಎಂದರ್ಥ, ಗೇಟು ತೆರೆಯುತ್ತದೆ. ಈಗ ಸೆನ್ಸರಿನ ಒಂದು ತಂತಿಯನ್ನು ಕಿತ್ತುಬಿಡಿ. ಇದಕ್ಕೆ ಸಾಮಾನ್ಯವಾಗಿ ಬಳಸುವ 'ಪಲ್ಸ್‌ಇನ್' ಎಂಬ ಆದೇಶ, ಅಲೆ ಹಿಂದಿರುಗದಿದ್ದರೆ ಒಂದು ಸೆಕೆಂಡು ಕಾದು ಸೊನ್ನೆ ಎಂಬ ಉತ್ತರ ಕೊಡುತ್ತದೆ. 'ಗೊತ್ತಿಲ್ಲ' ಎಂಬ ಅರ್ಥದ ಸೊನ್ನೆ ಅದು. ಹೊಸಬರು ಬರೆಯುವ ಪ್ರೋಗ್ರಾಮು ಅದನ್ನು ದೂರದ ಸೂತ್ರಕ್ಕೆ ಹಾಕಿ ಗುಣಿಸುತ್ತದೆ. ದೂರ ಸೊನ್ನೆ, ಅಂದರೆ ನೀರು ಸೆನ್ಸರಿಗೇ ಮುಟ್ಟಿದೆ, ಗೇಟು ಪೂರ್ತಿ ತೆರೆ! ಅರ್ಧ ಖಾಲಿ ತೊಟ್ಟಿಯ ಗೇಟು ತಂತಿ ಕಡಿದ ಕಾರಣಕ್ಕೆ ತೆರೆದುಕೊಳ್ಳುತ್ತದೆ. ಗಣಿತ ತಪ್ಪಿಲ್ಲ, ವಿದ್ಯುತ್ ಜೋಡಣೆ ತಪ್ಪಿಲ್ಲ, ಪ್ರದರ್ಶನದಲ್ಲಿ ಬಹುಮಾನವೂ ಬಂದಿರಬಹುದು. ತಂತಿ ಕೀಳುವ ಪರೀಕ್ಷಕರೊಬ್ಬರು ಇದ್ದಿದ್ದರೆ ಮಾತ್ರ ಆ ಮಾದರಿ ಮಾಡಿದ ವಿದ್ಯಾರ್ಥಿಗಳು 'ಅಳತೆ ಇಲ್ಲ' ಮತ್ತು 'ಅಳತೆ ಸೊನ್ನೆ' ಎರಡನ್ನೂ ಬೇರೆಬೇರೆಯಾಗಿ ನೋಡುವುದನ್ನು ಕಲಿತು ಹೊರಬರುತ್ತಿದ್ದರು. ಇಂಥದೇ ಮಾದರಿಗಳು ಅನೇಕ ಸಲ ಇಂಟರ್ನೆಟ್ಟಿನ ಸಾರ್ವಜನಿಕ ಸರ್ವರ್ ಮೂಲಕ, ಪಾಸ್‌ವರ್ಡ್ ಕೂಡ ಇಲ್ಲದೆ, ಮೊಬೈಲಿನ ಆದೇಶ ಪಡೆಯುತ್ತವೆ. ಪಕ್ಕದ ಬೆಂಚಿನ ವಿದ್ಯಾರ್ಥಿಗೆ ಆ ಸಂದೇಶದ ಹೆಸರು ಗೊತ್ತಾದರೆ ಸಾಕು, ಗೇಟು ಅವನ ಮಾತನ್ನೂ ಕೇಳುತ್ತದೆ.

ಇದು ಆಟಿಕೆಯ ಕತೆ ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಮಿಸೌರಿ ರಾಜ್ಯದ ಟಾಮ್ ಸಾಕ್ ಎಂಬಲ್ಲಿ ಬೆಟ್ಟದ ತಲೆಯ ಮೇಲೆ ಒಂದು ಜಲಾಶಯವಿತ್ತು. ರಾತ್ರಿ ಕೆಳಗಿನಿಂದ ನೀರೆತ್ತಿ ತುಂಬಿಸಿ, ಹಗಲು ಅದೇ ನೀರು ಇಳಿಸಿ ವಿದ್ಯುತ್ ತೆಗೆಯುವ ಸ್ಥಾವರ. 2005ರ ಡಿಸೆಂಬರ್ 14ರ ಬೆಳಗಿನ ಜಾವ ಪಂಪುಗಳು ನಿಲ್ಲಬೇಕಾದಾಗ ನಿಲ್ಲಲಿಲ್ಲ. ನೀರು ಗೋಡೆ ಮೀರಿ ಹರಿದು ಕಟ್ಟೆ ಒಡೆಯಿತು. ಅರ್ಧ ಗಂಟೆಯೊಳಗೆ ಜಲಾಶಯ ಬರಿದಾಯಿತು. ಕೆಳಗಿದ್ದ ಉದ್ಯಾನದ ಅಧಿಕಾರಿಯ ಕುಟುಂಬ ಮನೆಸಮೇತ ಕೊಚ್ಚಿಹೋಗಿಯೂ ಬದುಕಿದ್ದು ದೊಡ್ಡದು. ಕಾರಣ ಹುಡುಕಿದಾಗ ಸಿಕ್ಕಿದ್ದು ತೀರಾ ಸಾಮಾನ್ಯ ಸಂಗತಿ: ನೀರಿನ ಮಟ್ಟ ಅಳೆಯುವ ಸೆನ್ಸರುಗಳಿದ್ದ ಕೊಳವೆ ತನ್ನ ಹಿಡಿಕೆಗಳಿಂದ ಸಡಿಲವಾಗಿ ಬಾಗಿತ್ತು, ಹಾಗಾಗಿ ನಿಜಕ್ಕಿಂತ ಕಡಿಮೆ ಮಟ್ಟ ತೋರಿಸುತ್ತಿತ್ತು. ಅದು ಕೈಕೊಟ್ಟರೆ ಪಂಪು ನಿಲ್ಲಿಸಲೆಂದೇ ಇದ್ದ ತುರ್ತು ಸೆನ್ಸರುಗಳನ್ನು ಗೋಡೆಯ ಅತಿ ತಗ್ಗಿನ ಜಾಗಕ್ಕಿಂತ ಮೇಲೆ ಕೂರಿಸಲಾಗಿತ್ತು, ನೀರು ಅವುಗಳನ್ನು ಮುಟ್ಟುವ ಮೊದಲೇ ಗೋಡೆ ಮೀರಿತು. ಕೊಳವೆ ಸಡಿಲವಾದದ್ದು ಕೆಲವು ವಾರಗಳ ಮೊದಲೇ ತಿಳಿದಿತ್ತು. ಸರಿಪಡಿಸುವ ಕೆಲಸ ಮುಂದಕ್ಕೆ ಹೋಗಿ, ಕಂಪ್ಯೂಟರಿನಲ್ಲಿ ಅಳತೆಗೆ ಒಂದಿಷ್ಟು ಸೇರಿಸಿ ನಡೆಸಲಾಗುತ್ತಿತ್ತು. ಒಂದಕ್ಕಿಂತ ಹೆಚ್ಚು ಸೆನ್ಸರುಗಳಿದ್ದೂ ಅವೆಲ್ಲ ಒಂದೇ ಕಾರಣಕ್ಕೆ ಒಟ್ಟಿಗೆ ತಪ್ಪಬಹುದು ಎಂಬ ಪಾಠವನ್ನು ಪುಸ್ತಕದಲ್ಲಿ ಓದಿ ಬರೆಯಬಹುದು. ಆದರೆ ತೊಟ್ಟಿಯಲ್ಲಿ ಎರಡು ಸೆನ್ಸರುಗಳನ್ನು ಒಂದೇ ಕಡ್ಡಿಗೆ ಕಟ್ಟಿ, ಪರೀಕ್ಷಕರು ಆ ಕಡ್ಡಿಯನ್ನೇ ಓರೆ ಮಾಡಿದಾಗ ಎರಡೂ ಒಂದೇ ಸುಳ್ಳು ಹೇಳುವುದನ್ನು ಕಂಡ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ. ಒಂದೇ ಸೆನ್ಸರನ್ನು ನೆಚ್ಚಿದರೂ ಅಪಾಯವೇ. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ 2018 ಮತ್ತು 2019ರ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಗೆ ತಳ್ಳುತ್ತಿದ್ದ ಪ್ರೋಗ್ರಾಮು ಒಂದೇ ಸೆನ್ಸರಿನ ಮಾತನ್ನು ನಂಬುತ್ತಿತ್ತು. ಅದನ್ನು ಬರೆದವರು, ಒಪ್ಪಿದವರು ದಡ್ಡರಲ್ಲ, ಒಳ್ಳೆಯ ಕಾಲೇಜುಗಳಲ್ಲಿ ಓದಿದವರು.

ಇನ್ನು, 'ಕೆಟ್ಟಾಗ ಸುರಕ್ಷಿತವಾಗಿ ನಿಲ್ಲಬೇಕು' ಎಂದು ಒಂದು ಸಾಲಿನಲ್ಲಿ ಕಲಿಸಿ ಮುಗಿಸುವ ವಿಷಯವೂ ಇದಲ್ಲ. ಸುರಕ್ಷಿತ ಸ್ಥಿತಿ ಯಾವುದು ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಅದಕ್ಕಾಗಿಯೇ ಪ್ರಾಜೆಕ್ಟು ಈ ನೆಲದ್ದಾಗಿರಬೇಕು ಎನ್ನುತ್ತೇನೆ. ಗಣಿಯ ಕನ್ವೇಯರ್ ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಾರೆ, ಕಾರ್ಮಿಕನ ಬಟ್ಟೆ ಸಿಕ್ಕಿಕೊಂಡರೆ ಯಾರಾದರೂ ಹಗ್ಗ ಎಳೆಯಬೇಕು, ಬೆಲ್ಟು ನಿಲ್ಲಬೇಕು. ಅದರ ಸ್ವಿಚ್ಚಿನ ತಂತಿಯಲ್ಲಿ ಸದಾ ವಿದ್ಯುತ್ ಹರಿಯುತ್ತಿರುವಂತೆ ಜೋಡಿಸುವುದು ಪದ್ಧತಿ. ಹಗ್ಗ ಎಳೆದರೂ ತಂತಿ ಕಡಿದರೂ ಫಲ ಒಂದೇ, ಬೆಲ್ಟು ನಿಲ್ಲುತ್ತದೆ. ಇಲ್ಲಿ ನಿಲ್ಲುವುದೇ ಸುರಕ್ಷಿತ. ಆದರೆ ಸಂಡೂರಿನಂಥ ಬೆಟ್ಟದ ಸೀಮೆಯಲ್ಲಿ ಮೇಲಿನಿಂದ ಕೆಳಕ್ಕೆ ಅದಿರು ಇಳಿಸುವ ಬೆಲ್ಟೂ ಇರುತ್ತದೆ. ಅದಕ್ಕೆ ಕರೆಂಟು ತೆಗೆದರೆ ನಿಲ್ಲುವುದಿಲ್ಲ, ಅದಿರಿನ ಭಾರವೇ ಅದನ್ನು ಎಳೆದುಕೊಂಡು ಓಡುತ್ತದೆ. ಹಾಗಾಗಿ ಕರೆಂಟು ಹೋದೊಡನೆ ತಾನಾಗಿ ಬಿಗಿಯುವ ಬ್ರೇಕು ಬೇಕು, ಅದೂ ಒಮ್ಮೆಲೇ ಬಿಗಿದರೆ ಬೆಲ್ಟು ಹರಿಯುತ್ತದೆ. ಒಂದೇ ಯಂತ್ರ, ಇಳಿಜಾರು ಬದಲಾದರೆ ಸುರಕ್ಷತೆಯ ಲೆಕ್ಕವೇ ಬದಲು. ಅಣೆಕಟ್ಟೆಯ ಗೇಟಿಗೆ ಬಂದರೆ ಪ್ರಶ್ನೆ ಇನ್ನೂ ಕಠಿಣ. ಕೆಟ್ಟಾಗ ತೆರೆದುಕೊಂಡರೆ ಸುರಕ್ಷಿತವೇ, ಮುಚ್ಚಿಕೊಂಡರೆ ಸುರಕ್ಷಿತವೇ? ಮುಚ್ಚಿಯೇ ಇದ್ದರೆ ಪ್ರವಾಹದ ದಿನ ನೀರು ಕಟ್ಟೆಯ ತಲೆ ಏರಬಹುದು. ತಾನಾಗಿ ತೆರೆದರೆ ಹಂಪಿಯ ಚಕ್ರತೀರ್ಥದಲ್ಲಿ ಹರಿಗೋಲು ಹಾಕುವವರು, ಹೊಳೆಗಿಳಿದ ಭಕ್ತರು, ದಂಡೆಯಲ್ಲಿ ಬಟ್ಟೆ ಒಗೆಯುವವರು ಇದ್ದಾರೆ. ಹೊರಹರಿವು ಹೆಚ್ಚಾದಾಗ ಪುರಂದರ ಮಂಟಪ ಮುಳುಗುತ್ತದೆ, ಇನ್ನೂ ಹೆಚ್ಚಾದರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಬಂದು ಸಂಚಾರ ನಿಲ್ಲುತ್ತದೆ. ಹೀಗಾಗಿ ಗೇಟಿನ ಪ್ರಾಜೆಕ್ಟು ಗೇಟಿಗೇ ಮುಗಿಯುವಂತಿಲ್ಲ. ಸೈರನ್ ಮೊಳಗಿತೇ, ಅದು ಎಷ್ಟು ದೂರ ಕೇಳಿಸುತ್ತದೆ, ಕೇಳಿದವನಿಗೆ ದಂಡೆ ಹತ್ತಲು ಎಷ್ಟು ಹೊತ್ತು ಸಿಗುತ್ತದೆ, ಗೇಟು ನಿಮಿಷಕ್ಕೆ ಎಷ್ಟು ಅಡಿ ಏಳಬಹುದು ಇವೆಲ್ಲ ಅದರೊಳಗೇ ಬರಬೇಕು. ಎಂಐಟಿಯ ನ್ಯಾನ್ಸಿ ಲೆವೆಸನ್ ಅವರು ಅಪಘಾತಗಳನ್ನು ಬಿಡಿಭಾಗದ ಸೋಲಾಗಿ ನೋಡದೆ ಇಡೀ ವ್ಯವಸ್ಥೆಯ ನಿಯಂತ್ರಣದ ಸೋಲಾಗಿ ನೋಡಬೇಕೆಂದು ದಶಕಗಳಿಂದ ಬರೆಯುತ್ತಿದ್ದಾರೆ. ಹೊಸಪೇಟೆಯ ವಿದ್ಯಾರ್ಥಿಗೆ ಅದು ಅರ್ಥವಾಗಲು ಹೊಳೆಯ ದಂಡೆಯಲ್ಲಿ ಕಂಪ್ಲಿವರೆಗೆ ಒಂದು ದಿನ ಓಡಾಡಿದರೆ ಸಾಕು.

ಕಂಪ್ಲಿಯ ಗದ್ದೆಗಳಲ್ಲಂತೂ ಚಿಕ್ಕ ಖರ್ಚಿನ, ದೊಡ್ಡ ಉಪಯೋಗದ ಪ್ರಾಜೆಕ್ಟೊಂದು ಕಾದು ಕುಳಿತಿದೆ. ಪಂಪ್‌ಸೆಟ್ಟಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೋ ತಿಳಿಯದ ರೈತ ಆಟೊ ಸ್ಟಾರ್ಟರ್ ಹಾಕಿಸುತ್ತಾನೆ. ನಡುರಾತ್ರಿ ಎದ್ದು ಹಾವುಹುಪ್ಪಟೆಯ ನಡುವೆ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಅದು ನ್ಯಾಯವಾದ ಬಯಕೆ. ಆದರೆ ಕರೆಂಟು ಬಂದ ಕ್ಷಣವೇ ಆ ಲೈನಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ, ನೇರವಾಗಿ ಶುರುವಾಗುವ ಮೋಟಾರು ಎಳೆಯುವ ಕರೆಂಟು ಮಾಮೂಲಿನ ಐದಾರು ಪಟ್ಟು ಇರುವುದರಿಂದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ನೀರಿಲ್ಲದ ಬೋರಿನಲ್ಲಿ ಮೋಟಾರು ಒಣಗಿ ಓಡಿ ಸುಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಕರೆಂಟಿಲ್ಲವೆಂದು ಮೋಟಾರಿಗೆ ಕೈ ಹಾಕಿದವನಿಗೆ ಅದು ಯಾವಾಗ ಎದ್ದೀತೆಂದು ತಿಳಿಯುವುದಿಲ್ಲ. ಮೊಬೈಲ್ ಸ್ಟಾರ್ಟರ್ ಇದ್ದರೆ ಮನೆಯಲ್ಲಿ ಕೂತ ಮಗ ಕರೆ ಮಾಡುತ್ತಾನೆ, ಹೊಲದಲ್ಲಿ ತಂದೆ ಫುಟ್‌ವಾಲ್ವು ನೋಡುತ್ತಿರುತ್ತಾನೆ. ಪ್ರತಿ ಪಂಪು ಬೇರೆಬೇರೆ ಹೊತ್ತು ಕಾದು ಏಳುವ, ನೀರಿಲ್ಲದಿದ್ದರೆ ತಾನೇ ನಿಲ್ಲುವ, ಮೋಟಾರಿನ ಬಳಿ ಇರುವ ಒಂದು ಬೀಗದ ಸ್ವಿಚ್ ತೆಗೆದಿದ್ದರೆ ಯಾವ ಕರೆಗೂ ಯಾವ ಕರೆಂಟಿಗೂ ಓಗೊಡದ ಸ್ಟಾರ್ಟರ್ ಮಾಡುವುದು ಎಂಟನೇ ಸೆಮಿಸ್ಟರಿನ ತಂಡಕ್ಕೆ ದೊಡ್ಡ ಮಾತಲ್ಲ. ಆ ಬೀಗದ ಸ್ವಿಚ್ಚು ಪ್ರೋಗ್ರಾಮಿನ ಮೂಲಕ ಹೋಗದೆ ನೇರವಾಗಿ ಕರೆಂಟನ್ನೇ ತಡೆಯಬೇಕು ಎಂಬ ತೀರ್ಮಾನಕ್ಕೆ ಅವರು ತಾವೇ ಬಂದರೆ, ಸುರಕ್ಷತೆಯ ಬಗ್ಗೆ ಅರ್ಧ ಕೋರ್ಸು ಕಲಿತಂತೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. 19ನೇ ಗೇಟಿನಲ್ಲಿ ತುಂಡಾದದ್ದು ಕಬ್ಬಿಣದ ಚೈನು, ಅದರಲ್ಲಿ ಸೆನ್ಸರಿನ ತಪ್ಪೂ ಇಲ್ಲ, ಪ್ರೋಗ್ರಾಮಿನ ತಪ್ಪೂ ಇಲ್ಲ, ಎಪ್ಪತ್ತು ವರ್ಷದ ಸವೆತಕ್ಕೆ ಕಂಪ್ಯೂಟರ್ ಪಾಠವೇಕೆ ಎಂದು ಕೇಳಬಹುದು. ಮಾತು ನಿಜ, ಮತ್ತು ನನ್ನ ವಾದಕ್ಕೆ ಅದೇ ಬಲ. ಮುಂದೆ ಬರುವ ಗೇಟುಗಳು ಹಳೆಯವುಗಳ ಹಾಗೆ ಇರುವುದಿಲ್ಲ. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಪ್ರತಿ ದೊಡ್ಡ ಅಣೆಕಟ್ಟೆಗೂ ಅಳತೆ ಉಪಕರಣಗಳು ಮತ್ತು ತುರ್ತು ಕ್ರಿಯಾ ಯೋಜನೆ ಕಡ್ಡಾಯ ಮಾಡಿದೆ. ಅಳತೆ, ಸಂದೇಶ, ದೂರನಿಯಂತ್ರಣ ಹೆಚ್ಚುತ್ತಲೇ ಹೋಗುತ್ತವೆ. ಅವುಗಳನ್ನು ಕೂರಿಸುವ ಕಂಪ್ಯೂಟರ್ ಎಂಜಿನಿಯರಿಗೆ ಚೈನು ಸವೆಯುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ, ಪರದೆಯ ಮೇಲೆ ಗೇಟು 'ಮುಚ್ಚಿದೆ' ಎಂದು ಹಸಿರು ದೀಪ ಉರಿಯುತ್ತಿರುವಾಗಲೇ ಗೇಟು ನದಿಯಲ್ಲಿರಬಹುದು. ಮೋಟಾರು ಎಷ್ಟು ಸುತ್ತಿತು ಎಂದು ಎಣಿಸುವುದಕ್ಕೂ ಗೇಟು ನಿಜವಾಗಿ ಎಲ್ಲಿದೆ ಎಂದು ನೋಡುವುದಕ್ಕೂ ನಡುವಿನ ಅಂತರ ಆ ಚೈನು. ಇರಾನಿನ ಪರಮಾಣು ಸ್ಥಾವರದ ಮೇಲೆ ನಡೆದು 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ದಾಳಿಯಲ್ಲಿ ಯಂತ್ರಗಳು ಹಾಳಾಗುತ್ತಿದ್ದಾಗಲೂ ನಿಯಂತ್ರಕರ ಪರದೆಯಲ್ಲಿ ಎಲ್ಲವೂ ಸರಿಯಿತ್ತು. ಅಲ್ಲಿ ಮೋಸ, ಇಲ್ಲಿ ಸವೆತ. ಪರದೆಯನ್ನಷ್ಟೇ ನಂಬಿದವನಿಗೆ ಎರಡೂ ಒಂದೇ. ಹಳೆಯ ಗೇಟುಗಳನ್ನು ತೆಗೆಯುವಾಗ ಸವೆದ ಚೈನ್ ಲಿಂಕುಗಳನ್ನೂ ಗಿಯರುಗಳನ್ನೂ ಗುಜರಿಗೆ ತೂಗಿ ಹಾಕದೆ ಒಂದಷ್ಟನ್ನು ಸುತ್ತಲಿನ ಕಾಲೇಜುಗಳ ಲ್ಯಾಬುಗಳಿಗೆ ಕೊಡಬೇಕೆಂದು ತುಂಗಭದ್ರಾ ಮಂಡಳಿಯನ್ನು ಇಲ್ಲಿಯೇ ಕೇಳಿಕೊಳ್ಳುತ್ತೇನೆ. ಯಾವ ಪಠ್ಯಪುಸ್ತಕದ ಚಿತ್ರವೂ ಅವಕ್ಕೆ ಸಾಟಿಯಾಗದು.

ಕೆಲವೊಮ್ಮೆ ಸರಿಯಾದ ಉತ್ತರ ಕಂಪ್ಯೂಟರ್ ಬೇಡ ಎಂಬುದೇ ಆಗಿರುತ್ತದೆ. ಇದಕ್ಕೆ ಸಾಕ್ಷಿ ಹಂಪಿಯ ಸುತ್ತಲೇ ಇದೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು ಬಂಡೆಯಿಂದ ಬಂಡೆಗೆ ಓರೆಯಾಗಿ ಹಾಯುವ ಕಲ್ಲಿನ ಸಾಲುಗಳು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ಕಂಪ್ಲಿ ಕಾಲುವೆ ಎಲ್ಲವೂ ಆ ಪರಂಪರೆಯವು, ಇಂದಿಗೂ ಗದ್ದೆಗೆ ನೀರು ಕೊಡುತ್ತಿವೆ. ಹೊಳೆ ಏರಿದರೆ ನೀರು ಒಡ್ಡಿನ ಮೇಲೆ ಹಾದು ಮುಂದೆ ಹೋಗುತ್ತದೆ. ತೆರೆಯಲು ಗೇಟಿಲ್ಲ, ಎಳೆಯಲು ಚೈನಿಲ್ಲ, ಎಚ್ಚರವಿರಬೇಕಾದ ಕಾವಲುಗಾರನಿಲ್ಲ. ಹೆಚ್ಚಿನ ನೀರನ್ನು ನಿಭಾಯಿಸುವ ಕೆಲಸವನ್ನು ಆಕಾರವೇ ಮಾಡುತ್ತದೆ. ನೂರು ಟಿಎಂಸಿ ಅಡಿ ನೀರು ಕೂಡಿಡಲು ಆ ವಿಧಾನ ಸಾಲದು, ಅದು ಬೇರೆ ಮಾತು, ಗೇಟುಗಳು ಬೇಕೇ ಬೇಕು. ಆದರೆ ತೊಟ್ಟಿಯ ಮಾದರಿ ಮಾಡುವ ವಿದ್ಯಾರ್ಥಿ ಎರಡನೇ ಸೆನ್ಸರ್ ಸೇರಿಸುವ ಮೊದಲು ತೊಟ್ಟಿಯ ಅಂಚಿನಲ್ಲಿ ಒಂದು ಕೋಡಿ ಬಿಟ್ಟರೆ, ಮೊದಲ ಸೆನ್ಸರ್ ಸತ್ತರೂ ತೊಟ್ಟಿ ಒಡೆಯುವುದಿಲ್ಲ. ನಮ್ಮ ಕೆರೆಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಇಂಥ ಕೋಡಿಗೆ ಪೂರ್ಣ ಅಂಕ ಕೊಡುವ ಪರೀಕ್ಷೆ ಬೇಕು. ಇಂದಿನ ಪದ್ಧತಿಯಲ್ಲಿ ಅದಕ್ಕೆ ಸೊನ್ನೆ, ಮೊಬೈಲ್ ಆಪ್ ಸೇರಿಸಿದರೆ ಹೆಚ್ಚು.

ಅಧ್ಯಾಪಕರಿಂದ ಬರುವ ಆಕ್ಷೇಪ ಬೇರೆ: ಮೊದಲು ಮೂಲಪಾಠ ಗಟ್ಟಿಯಾಗಲಿ, ಕಂಟ್ರೋಲ್ ಥಿಯರಿಯೇ ಬಾರದವರಿಗೆ ಸುರಕ್ಷತೆಯ ಪಾಠವೇ, ಇರುವ ಎರಡು ಸೆಮಿಸ್ಟರಿನಲ್ಲಿ ಇದಕ್ಕೆ ಹೊತ್ತೆಲ್ಲಿದೆ ಎಂದು. ಹೊತ್ತಿಲ್ಲ ಎಂಬುದನ್ನು ಒಪ್ಪಬೇಕು. ಅದಕ್ಕಾಗಿ ಪ್ರಾಜೆಕ್ಟುಗಳ ಆಸೆಯನ್ನು ಕಡಿಮೆ ಮಾಡಬೇಕು. ಐದು ಸೌಲಭ್ಯಗಳ ಸ್ಮಾರ್ಟ್ ಡ್ಯಾಮ್ ಬೇಡ, ಒಂದೇ ಗೇಟು, ಒಂದೇ ಕೆಲಸ, ಆದರೆ ಯಾರು ಏನು ಕಿತ್ತರೂ ಯಾರನ್ನೂ ಅಪಾಯಕ್ಕೆ ಒಡ್ಡದ ಗೇಟು ಸಾಕು. ಮೂಲಪಾಠವಂತೂ ಇಂಥ ಕೆಲಸದಲ್ಲೇ ಬೇಕೆನಿಸುತ್ತದೆ. ಸಂಭವನೀಯತೆಯ ಸೂತ್ರ ಏಕೆ ಎಂದು ತಿಳಿಯದ ಹುಡುಗಿಗೆ, ಎರಡು ಸೆನ್ಸರುಗಳು ಒಟ್ಟಿಗೆ ಕೆಡುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಬೇಕಾದಾಗ ಅದು ತಿಳಿಯುತ್ತದೆ. ಕಂಪನಿಗಳು ಕೇಳುವುದು ಓಡುವ ಡೆಮೊವನ್ನೇ ಹೊರತು ಕೆಡುವ ಲೆಕ್ಕವನ್ನಲ್ಲ ಎಂಬ ಮಾತೂ ಈಗ ಹಳೆಯದು. ಬೆಂಗಳೂರಿನಲ್ಲಿ ಕಾರುಗಳ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಗಳು ಐಎಸ್‌ಒ 26262 ಎಂಬ ಸುರಕ್ಷತಾ ಮಾನದಂಡ ಬಲ್ಲವರನ್ನು ಹುಡುಕುತ್ತವೆ, ಅದರ ತಿರುಳು ಅಪಾಯಗಳನ್ನು ಮೊದಲೇ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಉತ್ತರ ತೋರಿಸುವುದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಸೈಬರ್-ಫಿಸಿಕಲ್ ವ್ಯವಸ್ಥೆಗಳಿಗೆಂದೇ ಒಂದು ಕೇಂದ್ರವಿದೆ. 2018ರಲ್ಲಿ ಕೇಂದ್ರ ಸರ್ಕಾರ ಸೈಬರ್-ಫಿಸಿಕಲ್ ವ್ಯವಸ್ಥೆಗಳಿಗಾಗಿ 3,660 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್ ಒಪ್ಪಿತು. ಆ ಹಣ, ಆ ಜ್ಞಾನ ಹೊಸಪೇಟೆಯ ತರಗತಿಗೆ ಇಳಿದು ಬರಬೇಕಾದರೆ ಇಲ್ಲಿ ಕೇಳುವವರಿರಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣಕೊಡುವ ಕಾರ್ಯಕ್ರಮವನ್ನು ಬಹಳ ಕಾಲದಿಂದ ನಡೆಸುತ್ತಿದೆ. ಅದರ ಅರ್ಜಿಯಲ್ಲಿ 'ಇದು ಕೆಟ್ಟರೆ ಯಾರಿಗೆ ಅಪಾಯ, ಅದಕ್ಕೆ ನೀವೇನು ಮಾಡಿದ್ದೀರಿ' ಎಂಬ ಒಂದು ಪ್ರಶ್ನೆ ಸೇರಿಸಲು ಹಣವೇನೂ ಬೇಕಿಲ್ಲ.

ಪ್ರಾಜೆಕ್ಟುಗಳನ್ನು ಅಂಗಡಿಯಿಂದ ಕೊಂಡು ತರುವ ರೋಗವೂ ಎಲ್ಲರಿಗೆ ಗೊತ್ತಿರುವುದೇ. ಹೀಗೆ ಕೊಂಡದ್ದು ಪ್ರದರ್ಶನದಲ್ಲಿ ಓಡುತ್ತದೆ. ಆದರೆ ಪರೀಕ್ಷಕರು ತಾವೇ ಆರಿಸಿದ ಐದು ತೊಂದರೆಗಳನ್ನು ಕೊಟ್ಟರೆ, ಅಂದರೆ ತಂತಿ ಕಿತ್ತು, ಕರೆಂಟು ತೆಗೆದು ಮತ್ತೆ ಕೊಟ್ಟು, ಗೇಟಿನಡಿ ಕಲ್ಲಿಟ್ಟು, ಸುಳ್ಳು ಸಂದೇಶ ಕಳಿಸಿ, ಮೋಟಾರು ತಿರುಗುವಾಗಲೇ ಎದುರು ಗುಂಡಿ ಒತ್ತಿ ನೋಡಿದರೆ, ಕೊಂಡು ತಂದವರು ಉತ್ತರಿಸಲಾರರು. ಮಾಡಿದವರು ಸೋತರೂ ಏಕೆ ಸೋತೆವೆಂದು ಹೇಳಬಲ್ಲರು, ಅದಕ್ಕೂ ಅಂಕವಿರಬೇಕು. ನೂರರಲ್ಲಿ ನಲವತ್ತನ್ನು ಈ ಪರೀಕ್ಷೆಗೆ ಇಡಬೇಕೆಂಬುದು ನನ್ನ ಸಲಹೆ. ಪ್ರೋಗ್ರಾಮಿನ ಮೊದಲ ಸಾಲು ಬರೆಯುವ ಮುನ್ನವೇ ಅಪಾಯಗಳ ಪಟ್ಟಿ ಒಪ್ಪಿಸುವುದು ಕಡ್ಡಾಯವಾಗಲಿ. ಪರೀಕ್ಷಕರ ಮೇಜಿನಲ್ಲಿ ಪ್ರಾಧ್ಯಾಪಕರ ಜೊತೆಗೆ ಅಣೆಕಟ್ಟೆಯ ಗೇಟು ವಿಭಾಗದ ಒಬ್ಬ ಮೆಕ್ಯಾನಿಕ್, ಗಣಿಯ ಒಬ್ಬ ಎಲೆಕ್ಟ್ರಿಷಿಯನ್, ಪಂಪ್‌ಸೆಟ್ ಇರುವ ಒಬ್ಬ ರೈತ ಕೂರಲಿ. ಯಂತ್ರ ಹೇಗೆ ಕೈಕೊಡುತ್ತದೆ ಎಂಬುದರಲ್ಲಿ ಅವರಿಗಿರುವಷ್ಟು ಅನುಭವ ಯಾವ ಡಾಕ್ಟರೇಟಿಗೂ ಇಲ್ಲ.

ವಿದ್ಯಾರ್ಥಿಗಳ ಕೈಗೆ ಅಣೆಕಟ್ಟೆ, ಗಣಿ ಕೊಡುವುದು ಅಪಾಯವಲ್ಲವೇ ಎಂದರೆ, ಹೌದು, ಕೊಡಬಾರದು. ವಿದ್ಯಾರ್ಥಿಯ ಯಾವ ಉಪಕರಣವೂ ನಡೆಯುತ್ತಿರುವ ಗೇಟಿಗೆ, ಬೆಲ್ಟಿಗೆ, ಲೈನಿಗೆ ಜೋಡಣೆಯಾಗಕೂಡದು. ಇದರಲ್ಲಿ ರಿಯಾಯಿತಿ ಬೇಡ. ಮಾದರಿ ಲ್ಯಾಬಿನಲ್ಲಿರಲಿ, ಪ್ರಶ್ನೆ ಮಾತ್ರ ಹೊರಗಿನಿಂದ ಬರಲಿ. ನೋಡಲು ಬಿಡುವುದಕ್ಕೆ ತೊಂದರೆಯಿರಬಾರದು. ಬೇಸಿಗೆಯಲ್ಲಿ ಜಲಾಶಯದ ನೀರು ತಳ ಕಾಣುವಷ್ಟು ಇಳಿದು, ಕಾಲುವೆಗಳು ನಿಂತು, ಗೇಟುಗಳ ದುರಸ್ತಿ, ಗ್ರೀಸು, ಬಣ್ಣದ ಕೆಲಸ ನಡೆಯುವ ವಾರಗಳಿರುತ್ತವೆ. ಆ ವಾರಗಳಲ್ಲಿ ಮೊದಲು ಹೋಗಬೇಕಾದವರು ಅಧ್ಯಾಪಕರು, ಏಕೆಂದರೆ ಗೇಟನ್ನು ಹತ್ತಿರದಿಂದ ನೋಡದವರು ಅದು ಕೆಡುವುದನ್ನು ಕಲಿಸಲಾರರು. ತುಂಗಭದ್ರಾ ಮಂಡಳಿ, ಜಲಸಂಪನ್ಮೂಲ ಇಲಾಖೆ ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಂದು ಪುಟದ ಒಪ್ಪಂದ ಬರೆದುಕೊಂಡರೆ ಬರುವ ಬೇಸಿಗೆಗೇ ಇಪ್ಪತ್ತು ಅಧ್ಯಾಪಕರು ಅಲ್ಲಿರಬಹುದು, ಅದರ ಮುಂದಿನ ಜೂನ್‌ನಲ್ಲಿ ಅವರ ವಿದ್ಯಾರ್ಥಿಗಳು ಅಪಾಯಗಳ ಮೊದಲ ಪಟ್ಟಿ ಬರೆಯಲು ಕೂರಬಹುದು.